ವಿದ್ಯಾರ್ಥಿಯ ಊಟದ ಲೆಕ್ಕ

(ಯಾದವಗಿರಿಯಲ್ಲಿ ಭಕ್ತಾದಿಗಳ ಸಭೆಯಲ್ಲಿ ಮಾಡಲಾದ ಉಪನ್ಯಾಸ)

 

ದಾನಗಳಲ್ಲೆಲ್ಲ ವಿದ್ಯಾದಾನವೇ ಶ್ರೇಷ್ಠವೆಂದು ಎಲ್ಲ ಸಭೆಗಳಲ್ಲಿಯೂ ಹೇಳುವುದುಂಟು. ಕೇಳಿದವರು ತಲೆದೂಗುವುದೂ ಉಂಟು. ಆದರೆ ಆ ದಾನವನ್ನು ಸ್ವೀಕರಿಸಬೇಕಾದ ಬಾಲಕನು ಆ ದಿನ ಉಂಡಿರುವನೋ ಇಲ್ಲವೋ, ರಾತ್ರಿ ಮಲಗುವುದಕ್ಕೆ ಅವನಿಗೆ ಒಂದು ಮೂಲೆಯಾದರೂ ಇರುವುದೋ ಇಲ್ಲವೋ ಎಂದು ವಿಚಾರಿಸುವವರು ವಿರಳ. ಕಾಲೇಜಿನ ಶುಲ್ಕವೆಷ್ಟೋ ಅಷ್ಟೇ ವಿದ್ಯೆಯ ಬೆಲೆಯೆಂದು ಲೋಕವು ತಿಳಿದಿರುವುದು. ಈ ತಿಳಿವಳಿಕೆ ಅರೆಬರೆಯಾದುದು. ಬಡವರ ಮಕ್ಕಳು ಓದನ್ನು ನಡುವೆಯೇ ಬಿಟ್ಟು ಊರಿಗೆ ಹಿಂದಿರುಗುವುದಕ್ಕೆ ಶುಲ್ಕಕ್ಕಿಂತಲೂ ಬೇರೆಯವಾದ ಕಾರಣಗಳೇ ಹೆಚ್ಚು. ಆ ಕಾರಣಗಳಾವುವು, ಅವುಗಳನ್ನು ನಿವಾರಿಸಲು ಈ ನಾಡಿನಲ್ಲಿ ಯಾರು ಏನು ಮಾಡಿದರು, ಇನ್ನೂ ಮಾಡಬೇಕಾದುದೇನು ಎಂಬುದೇ ಇಂದಿನ ವಿಚಾರ.

ಚಾಮರಾಜನಗರದ ಕಡೆಯ ಒಂದು ಹಳ್ಳಿಯ ಒಕ್ಕಲಿನ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಗನು ಹತ್ತನೆಯ ತರಗತಿಯನ್ನು ಮುಗಿಸಿ ಮೈಸೂರಿನ ಸರ್ಕಾರಿ ಕಾಲೇಜಿಗೆ ಸೇರಬೇಕೆನ್ನುವನು. ಅಲ್ಲಿಯ ಶುಲ್ಕವು ಬಹಳವೇನೂ ಅಲ್ಲ. ಒಂದು ಮೇಕೆಯನ್ನು ಮಾರಿದರೂ ಅದು ತೀರೀತು. ಆದರೆ ಕೋಣೆಯ ಬಾಡಿಗೆಯು ಪ್ರತಿ ತಿಂಗಳೂ ಬರುವುದು. ಊಟವು ಪ್ರತಿ ದಿನವೂ ಬರುವುದು. ಪುಸ್ತಕ, ಬಸ್ಸು, ಪರೀಕ್ಷೆಯ ಹಣ, ಜ್ವರ ಬಂದರೆ ಔಷಧ, ಇವೆಲ್ಲವೂ ಒಂದರ ಹಿಂದೊಂದು ಬಂದು ನಿಲ್ಲುವುವು. ಇವೆಲ್ಲಕ್ಕಿಂತ ದೊಡ್ಡದಾದ ವೆಚ್ಚವೊಂದು ಯಾವ ರಸೀತಿಯಲ್ಲಿಯೂ ಕಾಣಿಸದು: ಆ ಹುಡುಗನು ಊರಿನಲ್ಲಿದ್ದಿದ್ದರೆ ಹೊಲದಲ್ಲಿ ದುಡಿಯುತ್ತಿದ್ದನು, ಇಲ್ಲವೇ ಕೂಲಿಯನ್ನು ತರುತ್ತಿದ್ದನು. ಆ ಕೂಲಿಯು ಮನೆಗೆ ತಪ್ಪಿಹೋಯಿತು. ತಂದೆಯಾದವನು ಬಾಯಿಬಿಟ್ಟು ಹೇಳದಿದ್ದರೂ ಸುಗ್ಗಿಯ ಕಾಲದಲ್ಲಿ ಈ ಲೆಕ್ಕವನ್ನು ಮನಸ್ಸಿನಲ್ಲಿ ಹಾಕಿಯೇ ಹಾಕುವನು. ಮಳೆ ಹೋದ ವರ್ಷದಲ್ಲಿ ಮೊದಲು ನಿಲ್ಲುವುದು ಮಗನ ಓದು. ಮಗಳ ಓದಾದರೆ ಅದಕ್ಕೂ ಮೊದಲೇ ನಿಂತಿರುವುದು.

ಈ ತೊಡಕು ಇಂದಿನದಲ್ಲ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯು ಜಾರಿಗೆ ಬಂದಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮಹಾರಾಜ ಕಾಲೇಜು ಆಗಲೇ ಹೆಸರಾಗಿದ್ದಿತು. ಪಾಠವಿದ್ದಿತು, ಪಂಡಿತರಿದ್ದರು, ಪುಸ್ತಕಭಂಡಾರವಿದ್ದಿತು. ಆದರೆ ಹಳ್ಳಿಗಳಿಂದ ಬಂದ ಬಡ ಹುಡುಗರು ಉಣ್ಣುವುದೆಲ್ಲಿ? ಅದಕ್ಕೆ ಆ ಕಾಲದ ಉತ್ತರವು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಬಾಲಕರು ಓದುತ್ತಿದ್ದರು. ಅನ್ನ ಹಾಕಿದ ತಾಯಂದಿರ ಪುಣ್ಯವು ದೊಡ್ಡದು. ಅದನ್ನು ಹಗುರವಾಗಿ ಆಡಬಾರದು. ಆದರೂ ವಾರಾನ್ನದಲ್ಲಿ ಎರಡು ಕೊರತೆಗಳಿದ್ದುವು. ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಮತ್ತು ಯಾವ ಮನೆಯ ಬಾಗಿಲು ಯಾವ ಹುಡುಗನಿಗೆ ತೆರೆಯುವುದೆಂಬುದನ್ನು ಜಾತಿಯೇ ನಿರ್ಧರಿಸುತ್ತಿದ್ದಿತು. ಬಹು ಸಮುದಾಯಗಳ ಬಾಲಕರಿಗೆ ನಗರದಲ್ಲಿ ವಾರಕ್ಕೆ ಒಂದು ಮನೆಯೂ ದೊರೆಯುತ್ತಿರಲಿಲ್ಲ.

ಈ ಕೊರತೆಯನ್ನು ಕಂಡವರಲ್ಲಿ ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು (1844-1933) ಮುಖ್ಯರು. ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ ಬೆಳೆದ ಮರಿಮಲ್ಲಪ್ಪ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಅವರು ಅನಾಥಾಲಯದ ಮೂಲಕ ಬಡ ವಿದ್ಯಾರ್ಥಿಗಳಿಗೆ ಆಶ್ರಯವನ್ನು ಕಲ್ಪಿಸಿದರು. ದಾನಿಯೊಬ್ಬರ ಹಣ, ಉಪಾಧ್ಯಾಯರೊಬ್ಬರ ಕಣ್ಣು, ಎರಡೂ ಕೂಡಿದಲ್ಲಿ ಕೆಲಸವು ನಿಲ್ಲುವುದೆಂಬುದಕ್ಕೆ ಮೈಸೂರಿನಲ್ಲಿ ಇದಕ್ಕಿಂತ ಹಳೆಯ ನಿದರ್ಶನವನ್ನು ಹುಡುಕುವುದು ಕಷ್ಟ.

ಯಾದವಗಿರಿಯ ಮಾತಿಗೆ ಬರೋಣವಾಗಲಿ. ರೈಲು ನಿಲ್ದಾಣಕ್ಕೆ ಸಮೀಪದಲ್ಲಿರುವ ಈ ಬಡಾವಣೆಯಲ್ಲಿ ಶ್ರೀರಾಮಕೃಷ್ಣ ಆಶ್ರಮವು ಇರುವುದು ಎಲ್ಲರಿಗೂ ತಿಳಿದ ವಿಷಯ. ಆಶ್ರಮವು 1925ರಲ್ಲಿ ಮೈಸೂರಿನಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಆರಂಭವಾಗಿ ಅನಂತರ ಇಲ್ಲಿಗೆ ಬಂದು ನೆಲೆಸಿತು. ಮೊದಲ ವರ್ಷಗಳಲ್ಲಿ ಸ್ವಾಮಿ ಸಿದ್ಧೇಶ್ವರಾನಂದರು ಅದನ್ನು ನಡೆಸುತ್ತಿದ್ದರು. ಆಗ ಮಲೆನಾಡಿನಿಂದ ಬಂದು ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬನು ಅನಾರೋಗ್ಯದಿಂದ ಬಳಲುತ್ತಿದ್ದುದನ್ನು ಸ್ವಾಮಿಗಳು ತಿಳಿದು ಅವನನ್ನು ಆಶ್ರಮಕ್ಕೆ ಕರೆತಂದು ಇರಿಸಿಕೊಂಡರು. ಆ ತರುಣನೇ ಕೆ. ವಿ. ಪುಟ್ಟಪ್ಪನವರು, ನಾಡಿಗೆ ಕುವೆಂಪು. ಅವರು 1929ರಲ್ಲಿ ಎಂ. ಎ. ಪದವಿಯನ್ನು ಪಡೆದರು, ಆಶ್ರಮದಲ್ಲಿ ಮುಂದೆಯೂ ಹಲವು ವರ್ಷ ವಾಸವಾಗಿದ್ದರು. 1956ರಲ್ಲಿ ಅದೇ ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳಾಗಿ, ಮಾನಸಗಂಗೋತ್ರಿಯನ್ನು ಕಟ್ಟಿದರು. ಪ್ರತಿಭೆಯು ಅವರದೇ; ಅದನ್ನು ಯಾವ ಆಶ್ರಮವೂ ಕೊಡಲಾರದು. ಆದರೆ ಕಾಯಿಲೆಯ ಹುಡುಗನನ್ನು ಆ ದಿನಗಳಲ್ಲಿ ಯಾರೂ ವಿಚಾರಿಸದೆ ಇದ್ದಿದ್ದರೆ ಅವರ ಓದಿನ ಗತಿ ಏನಾಗುತ್ತಿದ್ದಿತೆಂದು ಯೋಚಿಸುವುದು ತಪ್ಪಲ್ಲ.

ಇದೇ ಯಾದವಗಿರಿಯಲ್ಲಿ ಇನ್ನೊಬ್ಬ ಸಾಹಿತಿಯ ಮನೆಯೂ ಇರುವುದು. ಆರ್. ಕೆ. ನಾರಾಯಣರು ಕಟ್ಟಿಸಿದ ಆ ಮನೆಯು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದನ್ನು ನೋಡಲು ಬಂದವರಲ್ಲಿ ಅವರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಒಂದು ವರ್ಷ ಮನೆಯಲ್ಲಿದ್ದರೆಂಬುದನ್ನೂ, ಬಿ. ಎ. ಪದವಿಗೆ ಸಾಮಾನ್ಯರಿಗಿಂತ ಒಂದು ವರ್ಷ ಹೆಚ್ಚು ತೆಗೆದುಕೊಂಡು 1930ರಲ್ಲಿ ಮುಗಿಸಿದರೆಂಬುದನ್ನೂ ನೆನೆಯುವವರು ಕಡಮೆ. ಅವರ ತಂದೆಯವರು ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮನೆಯಲ್ಲಿ ಊಟವಿದ್ದಿತು, ಓದಲು ಪುಸ್ತಕಗಳಿದ್ದುವು. ಆ ಒಂದು ವರ್ಷವು ಅವರಿಗೆ ನಷ್ಟವಾಗದೆ ಓದಿಗೂ ಬರಹಕ್ಕೂ ಒದಗಿತು. ಇದನ್ನು ಹೇಳಿದುದು ಅವರನ್ನು ಹಳಿಯುವುದಕ್ಕಲ್ಲ. ಉಳ್ಳವರ ಮನೆಯ ಹುಡುಗನಿಗೆ ನಪಾಸಾಗುವ ಸ್ವಾತಂತ್ರ್ಯವಿರುವುದು; ಬಡವನ ಮಗನಿಗೆ ಅದಿಲ್ಲ. ಒಂದು ವಿಷಯದಲ್ಲಿ ಹೋದರೆ ಸಾಕು, ವಿದ್ಯಾರ್ಥಿವೇತನವು ನಿಲ್ಲುವುದು, ನಿಲಯದ ಸ್ಥಾನವು ಹೋಗುವುದು, ತಂದೆಯ ಧೈರ್ಯವೂ ಹೋಗುವುದು. ಬುದ್ಧಿಯಲ್ಲಿ ಇಬ್ಬರೂ ಸಮಾನರಾಗಿದ್ದರೂ ಒಬ್ಬನಿಗೆ ಎರಡನೆಯ ಅವಕಾಶವುಂಟು, ಮತ್ತೊಬ್ಬನಿಗೆ ಇಲ್ಲ.

ಇನ್ನು ಸುತ್ತೂರಿನ ವಿಷಯ. ನಂಜನಗೂಡು ತಾಲ್ಲೂಕಿನಲ್ಲಿ ಕಪಿಲಾ ತೀರದಲ್ಲಿರುವ ಸುತ್ತೂರು ವೀರಸಿಂಹಾಸನ ಮಠಕ್ಕೆ 1928ರಲ್ಲಿ ಹನ್ನೆರಡು ವರ್ಷದ ಬಾಲಕರಾಗಿ ಪೀಠಾಧಿಪತಿಗಳಾದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು (1916-1986) ತಾವೇ ಮೈಸೂರಿನಲ್ಲಿ ವಿದ್ಯಾರ್ಥಿಗಳಾಗಿದ್ದವರು. ಅನಂತರ ಕಾಶಿಯಲ್ಲಿಯೂ ವ್ಯಾಸಂಗ ಮಾಡಿದವರು. ಹಳ್ಳಿಗಳಿಂದ ಬಂದ ಮಕ್ಕಳು ನಗರದಲ್ಲಿ ಊಟಕ್ಕೂ ವಸತಿಗೂ ಪಡುತ್ತಿದ್ದ ಪಾಡನ್ನು ಅವರು ಪರರ ಬಾಯಿಂದ ಕೇಳಿ ತಿಳಿದುದಲ್ಲ, ಕಣ್ಣಾರೆ ಕಂಡುದು. 1940ರ ದಶಕದ ಆರಂಭದಲ್ಲಿ ಅವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಕಾಲೇಜನ್ನು ಮೊದಲು ಕಟ್ಟಲಿಲ್ಲ. ಅಡುಗೆಯ ಮನೆಯನ್ನು ಮೊದಲು ಕಟ್ಟಿದರು. ಪಾಠ ಹೇಳುವವರು ನಗರದಲ್ಲಿದ್ದರು, ಉಣಬಡಿಸುವವರು ಇರಲಿಲ್ಲ. ಇಲ್ಲದುದನ್ನು ಮೊದಲು ಒದಗಿಸಿದುದೇ ಈ ಕಾರ್ಯದ ಜಾಣ್ಮೆ.

ಆ ಕಾಲವು ಸುಖದ ಕಾಲವಾಗಿರಲಿಲ್ಲ. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಿತು. 1942ರಲ್ಲಿ ಬರ್ಮಾ ದೇಶವು ಜಪಾನಿಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿಯು ನಿಂತಿತು. ದವಸದ ಬೆಲೆ ಏರಿತು. ಪಡಿತರದ ಕಟ್ಟುಪಾಡುಗಳು ಬಂದುವು. ನಿಲಯದಲ್ಲಿ ಉಣ್ಣುವ ಬಾಯಿಗಳು ಮಾತ್ರ ಕಡಮೆಯಾಗಲಿಲ್ಲ. ಮಹಾಸ್ವಾಮಿಗಳವರು ಮಠದ ಬೆಳ್ಳಿಯ ಸಾಮಾನುಗಳನ್ನೂ ತಮ್ಮ ಕೊರಳಿನ ಚಿನ್ನದ ಕರಡಿಗೆಯನ್ನೂ ಮಾರಿ ಮಕ್ಕಳ ಊಟವನ್ನು ನಡೆಸಿದರೆಂದು ಭಕ್ತವೃಂದದಲ್ಲಿ ಇಂದಿಗೂ ಹೇಳುವರು. ಕರಡಿಗೆಯೆಂದರೆ ಇಷ್ಟಲಿಂಗದ ಮನೆ. ಲಿಂಗಕ್ಕೆ ಚಿನ್ನದ ಮನೆ ಬೇಕಿಲ್ಲ, ಮಗುವಿಗೆ ಅಂಬಲಿ ಬೇಕು ಎಂಬ ತೀರ್ಮಾನವನ್ನು ಮಠಾಧಿಪತಿಗಳೊಬ್ಬರು ಮಾಡಬೇಕಾದರೆ ದಾಸೋಹವೆಂಬ ಮಾತಿನ ಅರ್ಥವು ಅವರಿಗೆ ಎಷ್ಟು ನೇರವಾಗಿ ತಿಳಿದಿರಬೇಕು!

ಅನಂತರದ ಬೆಳವಣಿಗೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು ಸ್ಥಾಪಿತವಾಯಿತು. 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು ಬಂದುವು. ಇವು ಹೆಸರಾದವು. ಆದರೆ ಇಂದಿನ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಅಷ್ಟು ಹೆಸರಾಗದ ಇನ್ನೊಂದು ಸಂಸ್ಥೆ: 1990ರ ದಶಕದ ಆರಂಭದಲ್ಲಿ ಇದೇ ವಿದ್ಯಾಪೀಠವು ಮೈಸೂರಿನಲ್ಲಿ ವಿಕಲಚೇತನರಿಗಾಗಿಯೇ ತೆರೆದ ಪಾಲಿಟೆಕ್ನಿಕ್. ಕಿವಿ ಕೇಳದವರು, ಕಣ್ಣು ಕಾಣದವರು, ಕೈಕಾಲುಗಳ ಶಕ್ತಿ ಕುಂದಿದವರು ಅಲ್ಲಿ ಡಿಪ್ಲೊಮಾ ವ್ಯಾಸಂಗ ಮಾಡಿ ಸಂಬಳದ ಕೆಲಸಕ್ಕೆ ಸೇರುವರು. ಕೈಯಲ್ಲೊಂದು ಕಸುಬು, ಅದಕ್ಕೆ ಸರಿಯಾದ ಪ್ರಮಾಣಪತ್ರ, ಬದುಕುವುದಕ್ಕೆ ಒಂದು ದಾರಿ. ಇಷ್ಟನ್ನು ಕೊಡುವ ವಿದ್ಯೆಯನ್ನು ಪದವಿಗಿಂತ ಕೀಳೆಂದು ಎಣಿಸುವ ಅಭ್ಯಾಸವು ವಿದ್ಯಾವಂತರಲ್ಲಿ ಬಲವಾಗಿರುವುದು. ಕಾಯಕವನ್ನೇ ಕೈಲಾಸವೆಂದು ನಂಬಿದ ಸಮಾಜದಲ್ಲಿಯೂ ಆ ಅಭ್ಯಾಸವಿರುವುದು ವಿಚಿತ್ರವೇ ಸರಿ.

ಗದುಗಿನ ವೀರೇಶ್ವರ ಪುಣ್ಯಾಶ್ರಮವು ಈ ಮಾತಿಗೆ ಇನ್ನೊಂದು ಸಾಕ್ಷಿ. ಪಂಚಾಕ್ಷರಿ ಗವಾಯಿಗಳವರು (1892-1944) ತಾವೇ ಅಂಧರಾಗಿದ್ದು, ಅಂಧ ಬಾಲಕರನ್ನು ಸಾಕಿ ಸಂಗೀತವನ್ನು ಕಲಿಸಿದರು. ಪುಟ್ಟರಾಜ ಗವಾಯಿಗಳವರು (1914-2010) ಅದನ್ನು ಮುಂದುವರಿಸಿದರು. ಭಿಕ್ಷೆಯ ಹೊರತು ಬೇರೆ ದಾರಿಯಿಲ್ಲವೆಂದು ಲೋಕವು ತೀರ್ಮಾನಿಸಿದ್ದ ಮಕ್ಕಳು ಗಾಯಕರೂ ವಾದಕರೂ ಆಗಿ ನಾಡಿನ ಎಲ್ಲ ಕಡೆಗಳಲ್ಲಿ ಜೀವನ ಮಾಡಿಕೊಂಡರು. ಊಟ, ವಸತಿ, ಕಸುಬು, ಗುರು, ನಾಲ್ಕೂ ಒಂದೇ ಸೂರಿನ ಕೆಳಗೆ.

ತುಮಕೂರಿನ ಸಿದ್ಧಗಂಗೆಯ ವಿಷಯವನ್ನು ಅರಿಯದವರಿಲ್ಲ. ಶ್ರೀ ಶಿವಕುಮಾರ ಸ್ವಾಮಿಗಳವರು (1907-2019) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ 1930ರಲ್ಲಿ ಮಠದ ಉತ್ತರಾಧಿಕಾರಿಗಳಾದವರು. ಅವರ ಕಾಲದಲ್ಲಿ ಸುಮಾರು ಹತ್ತು ಸಾವಿರದಷ್ಟು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅಲ್ಲಿ ಉಂಡು ಓದುತ್ತಿದ್ದರು. ಆ ಊಟದ ಮೂಲವು ರೈತರ ಕಣ. ಸುಗ್ಗಿಯಲ್ಲಿ ರಾಗಿ, ಭತ್ತ, ತೆಂಗಿನಕಾಯಿಗಳು ಹಳ್ಳಿಗಳಿಂದ ಮಠಕ್ಕೆ ಬರುವುವು. ಕೊಟ್ಟವನು ಸ್ವತಃ ಬಡವನೇ ಇರಬಹುದು. ಹತ್ತು ಸೇರು ರಾಗಿಯನ್ನು ಕೊಟ್ಟವನ ಮಗನೇ ಮುಂದಿನ ವರ್ಷ ಅಲ್ಲಿಗೆ ಓದಲು ಬರಬಹುದು. ಉತ್ತರದಲ್ಲಿ ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ತರುಣರು ಕೂಡಿ 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1933ರಲ್ಲಿ ಲಿಂಗರಾಜ ಕಾಲೇಜು ತೆರೆಯಿತು. ಅಲ್ಲಿ ಕಾಲೇಜು ದೂರವಾಗಿದ್ದುದೇ ತೊಂದರೆ; ಇಲ್ಲಿ ಕಾಲೇಜಿದ್ದೂ ಹೊಟ್ಟೆಗಿಲ್ಲದುದು ತೊಂದರೆ. ಒಂದೊಂದು ಸೀಮೆಯ ಕಷ್ಟವನ್ನು ಅಲ್ಲಿಯವರೇ ಕಂಡು ಪರಿಹಾರವನ್ನು ಹುಡುಕಿದರು.

ಈ ಚರಿತ್ರೆಯಲ್ಲಿ ಮುಚ್ಚಿಡಲಾಗದ ಒಂದು ಮಾತೂ ಉಂಟು. ಮೈಸೂರು, ಬೆಂಗಳೂರುಗಳ ಹಳೆಯ ವಿದ್ಯಾರ್ಥಿನಿಲಯಗಳಲ್ಲಿ ಬಹುಪಾಲು ಒಂದೊಂದು ಸಮುದಾಯದ ಹೆಸರಿನಲ್ಲಿಯೇ ಹುಟ್ಟಿದುವು. ಆ ಕಾಲದ ಸ್ಥಿತಿಯಲ್ಲಿ ಅದು ಅನಿವಾರ್ಯವಾಗಿದ್ದಿರಬಹುದು; ತನ್ನವರೆಂಬ ಅಭಿಮಾನವು ಹಣವನ್ನು ಕೂಡಿಸಿತು. ಆದರೆ ಯಾವ ಸಮುದಾಯದಲ್ಲಿ ದಾನಿಗಳೂ ಇಲ್ಲ, ಮಠವೂ ಇಲ್ಲ, ಅದರ ಮಕ್ಕಳು ಹೊರಗೇ ಉಳಿದರು. ಸರ್ಕಾರವು ನಿಲಯಗಳನ್ನು ತೆರೆದುದರಿಂದಲೇ ಅವರಿಗೆ ದಾರಿಯಾಯಿತು. 1972ರಿಂದ 1977ರವರೆಗೂ ಮತ್ತೆ 1978ರಿಂದ 1980ರವರೆಗೂ ಮುಖ್ಯಮಂತ್ರಿಗಳಾಗಿದ್ದ ಹುಣಸೂರು ಸೀಮೆಯ ಡಿ. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದವರ ವಿದ್ಯಾರ್ಥಿನಿಲಯಗಳು ವಿಸ್ತಾರವಾಗಿ ಬೆಳೆದುವು. ಮಠಗಳು ಎಲ್ಲರ ಮಕ್ಕಳಿಗೂ ಬಾಗಿಲು ತೆರೆದುದು ಅವುಗಳ ಹಿರಿಮೆ. ಆ ಬಾಗಿಲು ಎಲ್ಲ ಊರುಗಳಲ್ಲಿಯೂ ಒಂದೇ ಅಗಲವಾಗಿ ತೆರೆದಿರುವುದೇ ಎಂಬುದನ್ನು ಭಕ್ತರೇ ತಮ್ಮ ತಮ್ಮ ಊರುಗಳಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಈಗ ಹೊರದೇಶದ ಒಂದು ಪ್ರಯೋಗವನ್ನು ಹೇಳಬೇಕಾಗಿದೆ. ಅಮೆರಿಕದಲ್ಲಿ ಸಮುದಾಯ ಕಾಲೇಜುಗಳೆಂಬ ವಿದ್ಯಾಸಂಸ್ಥೆಗಳಿರುವುವು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಇಂತಹ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗವು ಇವುಗಳನ್ನು ದೇಶದಲ್ಲೆಲ್ಲ ತೆರೆಯಬೇಕೆಂದು ಸಲಹೆಯಿತ್ತಿತು. ಊರಿನ ಮಕ್ಕಳು ಮನೆಯಲ್ಲಿದ್ದುಕೊಂಡೇ, ಹಗಲು ದುಡಿಯುತ್ತ, ಕಡಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಬೇಕಾದವರು ಕೆಲಸಕ್ಕೂ ಬೇಕಾದವರು ದೊಡ್ಡ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೂ ಹೋಗಬಹುದು. ಭರತಖಂಡದಲ್ಲಿ 1995ರಲ್ಲಿ ಪುದುಚೇರಿಯ ವಿಶ್ವವಿದ್ಯಾನಿಲಯವು ಇಂತಹುದೊಂದನ್ನು ತೆರೆಯಿತು. 2013ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ ಒಂದು ಯೋಜನೆಯನ್ನು ಪ್ರಕಟಿಸಿತು. ಆದರೆ ಈ ದೇಶದಲ್ಲಿ ಅದು ಅಷ್ಟಾಗಿ ಬೇರೂರಲಿಲ್ಲ. ಡಿಪ್ಲೊಮಾ ಪಡೆದವನನ್ನು ನೋಡುವ ಸಮಾಜದ ಕಣ್ಣೇ ಅದಕ್ಕೆ ಒಂದು ಕಾರಣವಿರಬೇಕು.

ಅಮೆರಿಕದಲ್ಲಿಯೂ ಕಡಮೆ ಶುಲ್ಕವೊಂದರಿಂದಲೇ ಕಾರ್ಯವು ಸಾಧಿಸಲಿಲ್ಲ. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರು ವರ್ಷಗಳಾದರೂ ವ್ಯಾಸಂಗವನ್ನು ಮುಗಿಸುತ್ತಿರಲಿಲ್ಲ. ಆಗ ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯವು 2007ರಲ್ಲಿ ಹೊಸ ಏರ್ಪಾಡೊಂದನ್ನು ಮಾಡಿತು. ಸಹಾಯಧನದಿಂದ ತುಂಬದೆ ಉಳಿದ ಶುಲ್ಕವನ್ನು ಬಿಟ್ಟುಕೊಟ್ಟಿತು, ಓಡಾಟಕ್ಕೆ ರೈಲು ಬಸ್ಸುಗಳ ಚೀಟಿಯನ್ನು ಕೊಟ್ಟಿತು, ಪುಸ್ತಕಗಳಿಗೆ ನೆರವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ವಿದ್ಯಾರ್ಥಿಯೂ ಆಗಾಗ್ಗೆ ತಪ್ಪದೆ ಕಾಣಬೇಕಾದ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿತು. ಒಬ್ಬೊಬ್ಬ ಮಾರ್ಗದರ್ಶಕರಿಗೆ ಒಪ್ಪಿಸಿದ ವಿದ್ಯಾರ್ಥಿಗಳ ಸಂಖ್ಯೆಯನ್ನು ಬಹಳ ಕಡಮೆ ಮಾಡಿತು. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಈ ನೆರವನ್ನು ಕೊಟ್ಟು, ಇನ್ನೊಂದನ್ನು ಎಂದಿನಂತೆ ಬಿಟ್ಟು ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಪದವಿಯನ್ನು ಮುಗಿಸಿದವರು ಎರಡನೆಯ ಪಂಗಡದಲ್ಲಿ ನೂರಕ್ಕೆ 22, ನೆರವು ದೊರೆತ ಪಂಗಡದಲ್ಲಿ ನೂರಕ್ಕೆ 40. ಪಾಠ ಹೇಳಿದ ಅಧ್ಯಾಪಕರು ಒಂದೇ ಕಾಲೇಜಿನವರು. ಓದಿದ ವಿಷಯಗಳೂ ಅವೇ. ಬದಲಾದುದು ಬಸ್ಸಿನ ಚೀಟಿ, ಪುಸ್ತಕ, ವಿಚಾರಿಸುವ ಮನುಷ್ಯ.

ಈ ಸಂಖ್ಯೆಗಳನ್ನು ಕೇಳಿದ ಮೇಲೆ ಪ್ರಸಾದನಿಲಯದ ವಾರ್ಡನರ ಕೆಲಸವು ಬೇರೊಂದು ಬೆಳಕಿನಲ್ಲಿ ಕಾಣುವುದು. ವಾರ್ಡನರೆಂದರೆ ಹಾಜರಿ ತೆಗೆದುಕೊಳ್ಳುವವರು, ದೀಪ ಆರಿಸಿಸುವವರು ಎಂದು ಭಾವಿಸುವುದು ಸಾಮಾನ್ಯ. ಒಳ್ಳೆಯ ವಾರ್ಡನರು ಪಂಕ್ತಿಯಲ್ಲಿ ಯಾರು ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದರೆಂಬುದನ್ನು ಗಮನಿಸುವರು. ಊರಿಗೆ ಹೋದ ಹುಡುಗನು ಎರಡು ದಿನ ತಡವಾದರೆ ಕಾರಣವನ್ನು ಕೇಳುವರು. ಇಂಗ್ಲಿಷ್ ಪಾಠವು ತಲೆಗೆ ಹತ್ತದೆ ಕೊನೆಯ ಬೆಂಚಿನಲ್ಲಿ ಮೂಕನಾಗಿ ಕುಳಿತವನನ್ನು ಹಿರಿಯ ವಿದ್ಯಾರ್ಥಿಯೊಬ್ಬನ ಪಕ್ಕದಲ್ಲಿ ಕೂರಿಸುವರು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವು ಯಾವುದು, ಆದಾಯದ ಪ್ರಮಾಣಪತ್ರವನ್ನು ಎಲ್ಲಿ ಪಡೆಯಬೇಕು, ಬ್ಯಾಂಕಿನ ಖಾತೆಯಲ್ಲಿಯೂ ಅಂಕಪಟ್ಟಿಯಲ್ಲಿಯೂ ಹೆಸರು ಒಂದೇ ರೀತಿಯಾಗಿರುವುದೇ, ಇವನ್ನೆಲ್ಲ ಹೇಳಿಕೊಡುವರು. ಇವು ಅಲ್ಪ ವಿಷಯಗಳಂತೆ ತೋರುವುವು. ಮನೆಯಲ್ಲಿ ಹಿಂದೆ ಯಾರೂ ಕಾಲೇಜಿನ ಮೆಟ್ಟಿಲನ್ನು ಹತ್ತದ ಹುಡುಗನಿಗೆ ಇವೇ ಪರ್ವತಗಳು. ಸರ್ಕಾರದ ವಿದ್ಯಾಸಿರಿ ಎಂಬ ಯೋಜನೆಯು ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಗಾಗಿ ಆರಂಭದಲ್ಲಿ ತಿಂಗಳಿಗೆ 1500 ರೂಪಾಯಿಗಳಂತೆ ಹತ್ತು ತಿಂಗಳು ಕೊಡುವುದೆಂದು ಗೊತ್ತುಮಾಡಿತು. ಅದು ಉಪಯುಕ್ತವೇ. ಆದರೆ ಹಣವು ಜ್ವರದ ಹಣೆಯನ್ನು ಮುಟ್ಟಿ ನೋಡದು.

ಹೆಣ್ಣುಮಕ್ಕಳ ವಿಷಯವನ್ನು ಹೇಳದಿದ್ದರೆ ಈ ಲೆಕ್ಕವು ಅಪೂರ್ಣ. ಮೈಸೂರಿನಲ್ಲಿ 1881ರಲ್ಲಿಯೇ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಆರಂಭವಾಗಿ ಮುಂದೆ ಕಾಲೇಜಾಗಿ ಬೆಳೆಯಿತು. ಆದರೆ ವಾರಾನ್ನವೂ ಉಚಿತ ನಿಲಯಗಳೂ ಬಹುಕಾಲ ಗಂಡುಮಕ್ಕಳವೇ ಆಗಿದ್ದುವು. ನಗರದಲ್ಲಿ ಮನೆಯಿದ್ದವರ ಹೆಣ್ಣುಮಕ್ಕಳು ಓದಿದರು. ಹಳ್ಳಿಯವರು ಮನೆಯಲ್ಲಿಯೇ ಉಳಿದರು. ಈಗ ಸ್ಥಿತಿಯು ಬದಲಾಗಿದೆ. ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿ ಕುಳಿತಿರುವ ಕಾಲೇಜುಗಳೂ ಉಂಟು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆಯು ಆರಂಭವಾಗಿ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣವು ಉಚಿತವಾದುದರಿಂದ ಊರಿನಿಂದಲೇ ದಿನವೂ ಬಂದುಹೋಗುವವರಿಗೆ ಅನುಕೂಲವಾಯಿತು. ಆದರೆ ಬೆಳಗಿನ ಬಸ್ಸಿಗೆ ಬರಲು ನಸುಕಿನಲ್ಲೆದ್ದು, ಸಂಜೆ ಮನೆಗೆ ಹೋಗಿ ಕಸಮುಸುರೆಗಳನ್ನು ಮುಗಿಸಿ, ಅನಂತರ ಪುಸ್ತಕವನ್ನು ತೆರೆಯುವ ಹುಡುಗಿಗೂ ನಿಲಯದಲ್ಲಿದ್ದು ಓದುವ ಹುಡುಗನಿಗೂ ಪರೀಕ್ಷೆಯ ಪ್ರಶ್ನೆಪತ್ರಿಕೆಯು ಒಂದೇ. ಅಕ್ಕಮಹಾದೇವಿಯ ಹೆಸರನ್ನು ಹೇಳುವ ಸಮಾಜದಲ್ಲಿ ಹೆಣ್ಣುಮಕ್ಕಳ ಉಚಿತ ನಿಲಯಗಳು ಗಂಡುಮಕ್ಕಳ ನಿಲಯಗಳಷ್ಟೇ ಇರುವುವೇ ಎಂದು ಕೇಳಿದರೆ ಉತ್ತರವು ಸಂತೋಷಕರವಾಗಿರಲಾರದು.

ಇನ್ನೊಂದು ಕಠಿನವಾದ ಮಾತು. ಅಡುಗೆಯ ಮನೆಯಿಂದ ಆರಂಭಿಸಿದ ಧಾರ್ಮಿಕ ಸಂಸ್ಥೆಗಳು ನಾಡಿನಲ್ಲಿ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳವರೆಗೆ ಬೆಳೆದುವು. ಅವುಗಳನ್ನು ನಡೆಸಲು ಅಪಾರ ಹಣ ಬೇಕು. ಆ ಹಣವು ಶುಲ್ಕದಿಂದಲೇ ಬರಬೇಕು. ಇದನ್ನು ಅಲ್ಲಗಳೆಯಲಾಗದು. ಆದರೆ ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳು ಪ್ರವೇಶಕ್ಕಾಗಿ ದೊಡ್ಡ ಮೊತ್ತವನ್ನು ವಸೂಲು ಮಾಡುವುದು ಎಷ್ಟು ಬೆಳೆದಿತ್ತೆಂದರೆ 1984ರಲ್ಲಿ ಶಾಸನಸಭೆಯು ಅದನ್ನು ನಿಷೇಧಿಸುವ ಕಾಯಿದೆಯನ್ನು ಮಾಡಬೇಕಾಯಿತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ವಸೂಲಿಯನ್ನು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಇದು ಯಾವ ಒಂದು ಸಂಸ್ಥೆಯ ಮೇಲಿನ ದೂರೂ ಅಲ್ಲ. ದೊಡ್ಡ ಕಾಲೇಜಿನ ಉಳಿತಾಯದಲ್ಲಿ ಒಂದು ಪಾಲು ಉಚಿತ ನಿಲಯದ ಅಕ್ಕಿಗೆ ಹೋಗುತ್ತಿರುವವರೆಗೆ ದೊಡ್ಡ ಕಾಲೇಜು ಧರ್ಮಕಾರ್ಯವೇ. ಆ ಪಾಲು ವರ್ಷದಿಂದ ವರ್ಷಕ್ಕೆ ಎಷ್ಟಾಯಿತೆಂಬುದನ್ನು ಮಠದ ಜಾತ್ರೆಯಲ್ಲಿ ಬಹಿರಂಗವಾಗಿ ಓದಿ ಹೇಳುವ ಸಂಪ್ರದಾಯವೊಂದು ಬಂದರೆ ಕೊಡುವ ಭಕ್ತರಿಗೂ ನಂಬಿಕೆ ಹೆಚ್ಚುವುದು, ನಡೆಸುವವರಿಗೂ ನೆನಪು ಉಳಿಯುವುದು.

ಮನೆಯನ್ನು ಬಿಟ್ಟು ಬರಲಾಗದವರಿಗೆ ಬೇರೆ ದಾರಿಯೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದರ ಕೇಂದ್ರವು ಇದೇ ನಗರದಲ್ಲಿರುವುದು. ಮದುವೆಯಾದ ಹೆಣ್ಣುಮಕ್ಕಳು, ಅಂಗಡಿಯಲ್ಲಿ ದುಡಿಯುವವರು, ನಡುವೆಯೇ ಓದನ್ನು ಬಿಟ್ಟವರು ಅಲ್ಲಿ ಸೇರಬಹುದು. ನಪಾಸಾದವನಿಗೆ ಎರಡನೆಯ ಅವಕಾಶವೆಂದು ಮೊದಲು ಹೇಳಿದುದು ಇಲ್ಲಿ ಸ್ವಲ್ಪಮಟ್ಟಿಗೆ ದೊರೆಯುವುದು. ಅಂತಹವರು ಭಾನುವಾರ ಕೂಡಿ ಓದುವುದಕ್ಕೆ ಮಠದ ಒಂದು ಕೋಣೆಯನ್ನೂ, ನಿವೃತ್ತ ಉಪಾಧ್ಯಾಯರೊಬ್ಬರ ಎರಡು ಗಂಟೆಗಳನ್ನೂ ಕೊಟ್ಟರೆ ವೆಚ್ಚವು ಬಹಳವಾಗದು.

ಕಡೆಯದಾಗಿ ಒಂದು ಕಾರ್ಯವನ್ನು ಸೂಚಿಸಬೇಕಾಗಿದೆ. ಕಾಲೇಜುಗಳಲ್ಲಿ ಪ್ರವೇಶವು ಮೊದಲು ಮುಗಿಯುವುದು. ವಿದ್ಯಾರ್ಥಿನಿಲಯಗಳಲ್ಲಿ ಆಯ್ಕೆಯಾದವರ ಪಟ್ಟಿಯು ಅನೇಕ ವೇಳೆ ವಾರಗಳು ಕಳೆದ ಮೇಲೆ ಬರುವುದು. ಈ ನಡುವಣ ದಿನಗಳಲ್ಲಿ ಹಳ್ಳಿಯ ಹುಡುಗನಿಗೆ ತರಗತಿ ಉಂಟು, ಮಲಗುವ ಸ್ಥಳವಿಲ್ಲ. ಕೆಲವರು ನೆಂಟರ ಮನೆಯಲ್ಲಿ ಎರಡು ರಾತ್ರಿ ಕಳೆಯುವರು, ಮೂರನೆಯ ರಾತ್ರಿ ಸಂಕೋಚಪಟ್ಟು ಊರಿಗೆ ಹೋಗುವರು. ಹೋದವರಲ್ಲಿ ಕೆಲವರು ಮರಳಿ ಬರುವುದೇ ಇಲ್ಲ. ಯಾವ ವರದಿಯಲ್ಲಿಯೂ ಅವರ ಲೆಕ್ಕವಿಲ್ಲ, ಏಕೆಂದರೆ ಅವರು ನಪಾಸಾದವರಲ್ಲ, ನಿಲಯದಿಂದ ಹೊರಬಿದ್ದವರೂ ಅಲ್ಲ. ಮೈಸೂರಿನಲ್ಲಿ ಶಾಖಾಮಠಗಳೂ ಕಲ್ಯಾಣಮಂಟಪಗಳೂ ಬಹಳವಿರುವುವು; ಆಷಾಢದಲ್ಲಿ ಮದುವೆಗಳು ನಡೆಯದ ಕಾರಣ ಮಂಟಪಗಳು ಹೇಗೂ ಬರಿದಾಗಿರುವುವು. ರೈಲು ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಪಡಸಾಲೆ, ನಲವತ್ತು ಚಾಪೆ, ಎರಡು ಹೊತ್ತಿನ ಪ್ರಸಾದ, ಬಾಗಿಲಿನಲ್ಲಿ ಹೆಸರನ್ನೂ ಊರನ್ನೂ ಬರೆದುಕೊಳ್ಳುವ ಒಬ್ಬ ಹಿರಿಯರು. ಜೂನ್ ಜುಲೈ ತಿಂಗಳುಗಳ ಈ ಆರು ವಾರಗಳಿಗೆ ಇಷ್ಟಿದ್ದರೆ ಸಾಕು.